ಆವಿ ಕೊಳವೆಗೆ ಬೆಂಬಲ ನೀಡುವ ಬಗ್ಗೆ

ಸಾಬೂನು ಕಾರ್ಖಾನೆಯ ಮುಖ್ಯ ಆವಿ ಕೊಳವೆ ತೊಂಬತ್ತಾರು ಮೀಟರ್ ಉದ್ದವಿದೆ, ಮತ್ತು ಅದಕ್ಕೆ ಮೂವತ್ತೆರಡು ಜನರ ಲಿಖಿತ ಬೆಂಬಲವಿದೆ. ಇಷ್ಟು ವ್ಯಾಪಕ ಬೆಂಬಲ ಪಡೆದ ಕೊಳವೆ ಸುತ್ತಮುತ್ತ ಬೇರೊಂದಿಲ್ಲ.

ಇದಕ್ಕೆ ಕಾರಣ ಕೊಳವೆ ಸಂಹಿತೆ. ಕೊಳವೆ ಎಷ್ಟು ದಪ್ಪವಿರಬೇಕು, ಎಷ್ಟು ಬಿಸಿ ತಡೆಯಬೇಕು, ಎಲ್ಲಿ ತಿರುಗಬೇಕು, ತಿರುಗುವಾಗ ಎಷ್ಟು ಜಾಗ ಬಿಡಬೇಕು ಎಂಬುದನ್ನೆಲ್ಲ ಹೇಳುವ ಆರುನೂರು ಪುಟಗಳ ಪುಸ್ತಕ ಅದು. ಪರಭಾಷೆಯಲ್ಲಿದ್ದಷ್ಟು ಕಾಲ ಅದನ್ನು ವಿನ್ಯಾಸ ವಿಭಾಗದ ಮೂರು ಜನ ಮಾತ್ರ ಓದುತ್ತಿದ್ದರು, ಕೊಳವೆಗಳೂ ನೆಟ್ಟಗೆ ನಿಲ್ಲುತ್ತಿದ್ದವು. ನಮ್ಮ ಭಾಷೆಗೆ ಬಂದ ಮೇಲೆ ಎಲ್ಲರೂ ಓದಿದರು.

ಭಾಷಾಂತರ ಮಾಡಿದವರನ್ನು ಕಾರ್ಖಾನೆಯಲ್ಲಿ ಪಂಡಿತರು ಎನ್ನುತ್ತಾರೆ. ಅವರು ಕೊಳವೆ ಕಂಡದ್ದು ಸ್ನಾನದ ಮನೆಯಲ್ಲಿ ಮಾತ್ರ. ಆದರೆ ಪದಗಳ ವಿಷಯದಲ್ಲಿ ಕೈ ಬಿಗಿ. ಕಲಂ ೪.೭ರ ಮೂಲದಲ್ಲಿ ಇದ್ದದ್ದು ಕೊಳವೆಯ ಭಾರ ಹೊತ್ತು ನಿಲ್ಲುವ ಕಬ್ಬಿಣದ ಕಾಲುಗಳ ಮಾತು. ಅದಕ್ಕೆ 'ಊರುಗಾಲು' ಎಂದರೆ ಗ್ರಾಮ್ಯವಾಗುತ್ತದೆ. 'ಆಸರೆ' ಎಂದರೆ ಕೊಳವೆಗೆ ಹಿಂದೆ ಮುಂದೆ ಯಾರೂ ಇಲ್ಲವೆಂದು ಅರ್ಥ ಬರುತ್ತದೆ. 'ಆಧಾರ' ಎಂದರೆ ಯಾವ ಆಧಾರದ ಮೇಲೆ ಎಂದು ಲೆಕ್ಕ ಪರಿಶೋಧಕರು ಕೇಳುತ್ತಾರೆ. ಹೀಗೆ ಹದಿನೆಂಟು ದಿನ ಯೋಚಿಸಿ ಪಂಡಿತರು ಬರೆದರು: "ಪ್ರತಿ ಮೂರು ಮೀಟರಿಗೊಮ್ಮೆ ಕೊಳವೆಗೆ ಸೂಕ್ತ ಬೆಂಬಲ ನೀಡತಕ್ಕದ್ದು."

ಆ ಹೊತ್ತಿಗೆ ಹೊಸ ಆವಿ ಕೊಳವೆಯನ್ನು ಹಾಕಿ ಆಗಿತ್ತು. ಕಟ್ಟುವವರು ಅದನ್ನು ತಾತ್ಕಾಲಿಕವಾಗಿ ಸೂರಿನ ತೊಲೆಗಳಿಗೆ ಹಗ್ಗದಲ್ಲಿ ನೇತುಹಾಕಿ ಹೋಗಿದ್ದರು. ಸಂಹಿತೆಯಲ್ಲಿ ಹಗ್ಗದ ಪ್ರಸ್ತಾಪವಿಲ್ಲವಾದ್ದರಿಂದ ಕಡತದ ಪ್ರಕಾರ ಅಲ್ಲಿ ಹಗ್ಗವಿರಲಿಲ್ಲ. ಮುಂದಿನ ತಿಂಗಳ ಒಂದನೇ ತಾರೀಖು ಕೊಳವೆಗೆ ಆವಿ ಬಿಡುವುದೆಂದು ತೀರ್ಮಾನವಾಗಿತ್ತು. ಆವಿ ಬಂದರೆ ಹಗ್ಗ ಸುಡುತ್ತದೆ, ಹಗ್ಗ ಸುಟ್ಟರೆ ಕೊಳವೆ ಬೀಳುತ್ತದೆ. ಕೊಳವೆಯ ನಡುಭಾಗದಲ್ಲಿ ಒತ್ತಡ ತೋರಿಸುವ ಗೇಜು ಇದೆ. ಗೇಜಿನ ಕೆಳಗೆ ಒಂದು ಸ್ಟೂಲಿದೆ. ಸ್ಟೂಲಿನ ಮೇಲೆ, ಹಳೆಯ ಕೊಳವೆಯ ಕಾಲದಿಂದಲೂ, ಮೂವತ್ತು ವರ್ಷದಿಂದ ಗೇಜು ನೋಡಿಕೊಂಡು, ಕಾಲು ಗಂಟೆಗೊಮ್ಮೆ ಪುಸ್ತಕದಲ್ಲಿ ಬರೆಯುವ ಒಬ್ಬರು ಕೂತಿರುತ್ತಾರೆ. ಅವರು ವಿನ್ಯಾಸ ವಿಭಾಗದ ಎಂಜಿನಿಯರಮ್ಮನ ಅಪ್ಪ.

ಎಂಜಿನಿಯರಮ್ಮ ಮೂವತ್ತೆರಡು ಕಬ್ಬಿಣದ ಸ್ಟ್ಯಾಂಡುಗಳ ನಕ್ಷೆ ಬರೆದು ಸಂಹಿತಾಧಿಕಾರಿಗೆ ಕಳಿಸಿದಳು. ಸಂಹಿತಾಧಿಕಾರಿ ಎಂದರೆ ಕಾರ್ಖಾನೆಯ ಕೆಲಸಗಳು ಸಂಹಿತೆಯಂತೆ ನಡೆಯುತ್ತಿವೆಯೇ ಎಂದು ನೋಡುವವರು. ಕೆಲಸ ನಡೆಯುತ್ತಿದೆಯೇ ಎಂದು ನೋಡುವವರು ಬೇರೆ ಇದ್ದಾರೆ. ನಕ್ಷೆ ವಾಪಸು ಬಂತು. ಅಂಚಿನಲ್ಲಿ ಹಸಿರು ಶಾಯಿಯ ಷರಾ: "ಕಬ್ಬಿಣವು ಬೆಂಬಲ ನೀಡಲು ಅರ್ಹವೇ? ಸ್ಪಷ್ಟೀಕರಿಸಿ."

ಅವಳು ಖುದ್ದಾಗಿ ಹೋದಳು.

"ಸಾರ್, ಬೆಂಬಲ ಅಂದ್ರೆ ಇಲ್ಲಿ ಸ್ಟ್ಯಾಂಡು. ಕೊಳವೇನ ಹೊತ್ಕೊಳ್ಳೋ ಸ್ಟ್ಯಾಂಡು."

"ಹಾಗಂತ ಎಲ್ಲಿದೆ?"

"ಎಲ್ಲಿ ಬರೀಬೇಕು ಸಾರ್ ಅದನ್ನ? ಕೊಳವೆಗೆ ಬೇರೆ ಯಾವ ಬೆಂಬಲ ಕೊಡಕ್ಕಾಗುತ್ತೆ?"

"ಬೆಂಬಲ ಅನ್ನೋದು ಮನಸ್ಸಿನಿಂದ ಬರಬೇಕು ಮೇಡಂ," ಎಂದರು ಅಧಿಕಾರಿ ಕುರ್ಚಿಗೆ ಒರಗಿ. "ಕಬ್ಬಿಣಕ್ಕೆ ಮನಸ್ಸಿದೆಯಾ? ನಾಳೆ ತನಿಖೆ ಆದ್ರೆ, ನೀನು ಈ ಕೊಳವೇನ ಯಾಕೆ ಬೆಂಬಲಿಸಿದೆ ಅಂತ ಕೇಳಿದ್ರೆ ಅದು ಏನಂತ ಹೇಳುತ್ತೆ?"

ಎಂಜಿನಿಯರಮ್ಮ ನಕ್ಷೆ ಸುರುಳಿ ಸುತ್ತಿಕೊಂಡು ಎದ್ದಳು. ಕಾಲೇಜಿನಲ್ಲಿ ನಾಲ್ಕು ವರ್ಷ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

ಮಾರನೆಯ ದಿನ ಸೂಚನಾ ಫಲಕದಲ್ಲಿ ಪ್ರಕಟಣೆ ಬಿತ್ತು:

"ಈ ಮೂಲಕ ಸಮಸ್ತ ನೌಕರರಿಗೆ ತಿಳಿಯಪಡಿಸುವುದೇನೆಂದರೆ, ಕಲಂ ೪.೭ರ ಮೇರೆಗೆ ಮುಖ್ಯ ಆವಿ ಕೊಳವೆಗೆ ಮೂವತ್ತೆರಡು ಬೆಂಬಲಗಳು ಬೇಕಾಗಿದ್ದು, ಆಸಕ್ತರು ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿದಾರರು ಕೊಳವೆಯ ಬಗ್ಗೆ ಪೂರ್ವಗ್ರಹ ಹೊಂದಿರತಕ್ಕದ್ದಲ್ಲ. ಈ ಹಿಂದೆ ಬೇರೆ ಕೊಳವೆಯನ್ನು ಬೆಂಬಲಿಸಿದ್ದಲ್ಲಿ ಸದರಿ ಕೊಳವೆಯಿಂದ ನಿರಾಕ್ಷೇಪಣಾ ಪತ್ರ ತರತಕ್ಕದ್ದು. ಆಯ್ಕೆಯಾದವರಿಗೆ ಬೆಂಬಲ ಭತ್ಯೆ ನೀಡಲಾಗುವುದು. ಸುರಕ್ಷತೆಯ ದೃಷ್ಟಿಯಿಂದ, ಬೆಂಬಲ ನೀಡುವಾಗ ಕೊಳವೆಯನ್ನು ಮುಟ್ಟತಕ್ಕದ್ದಲ್ಲ."

ಭತ್ಯೆ ಎಂಬ ಪದ ಓದಿದ ಕೂಡಲೇ ನೌಕರರಲ್ಲಿ ಕೊಳವೆಯ ಬಗ್ಗೆ ಇದ್ದ ಪ್ರೀತಿ ಒಮ್ಮೆಲೇ ಉಕ್ಕಿ ಬಂತು. ಸಂಜೆಯೊಳಗೆ ನಾನೂರ ಹನ್ನೊಂದು ಅರ್ಜಿ. ಎಂಟು ಅರ್ಜಿಗಳು ಕೆಲಸ ಬಿಟ್ಟು ಹೋದವರವು, ಎರಡು ತೀರಿಕೊಂಡವರವು. ತೀರಿಕೊಂಡವರದನ್ನು ನೈತಿಕ ಬೆಂಬಲದ ಪಟ್ಟಿಗೆ ಸೇರಿಸಲಾಯಿತು.

ಆಯ್ಕೆ ನಿಷ್ಪಕ್ಷಪಾತವಾಗಿ ನಡೆಯಿತು. ಸಂಹಿತಾಧಿಕಾರಿಗಳ ಭಾವಮೈದ ಐದನೇ ಬೆಂಬಲವಾಗಿ ಆಯ್ಕೆಯಾದರು. ಅವರಿಗೆ ಮಂಡಿ ನೋವಿದ್ದುದರಿಂದ ಮನೆಯಲ್ಲೇ ಇದ್ದು ಬಾಹ್ಯ ಬೆಂಬಲ ನೀಡಲು ಅನುಮತಿ ಸಿಕ್ಕಿತು. ಉಗ್ರಾಣದವರು ಷರತ್ತುಬದ್ಧ ಬೆಂಬಲ ಕೊಟ್ಟರು. ಕೊಳವೆ ಸೋರಿದರೆ ವಾಪಸ್. ಕ್ಯಾಂಟೀನಿನವರು ವಿಷಯಾಧಾರಿತ ಬೆಂಬಲ ಕೊಟ್ಟರು. ಯಾವ ವಿಷಯ ಎಂದು ಕೇಳಿದ್ದಕ್ಕೆ, ಅದು ಆಯಾ ದಿನದ ಅಡುಗೆಯ ಮೇಲೆ ಹೋಗುತ್ತದೆ ಎಂದರು. ಗೇಜಿನ ಜಾಗಕ್ಕೆ, ಅಂದರೆ ಹದಿನೇಳನೇ ಸ್ಥಾನಕ್ಕೆ, ಹಾಜರಿ ಗುಮಾಸ್ತರು ಬಂದರು. ಬೇಷರತ್ ಬೆಂಬಲ ಅವರೊಬ್ಬರದೇ. ಅವರು ನಮೂನೆಯನ್ನು ಓದದೆ ಸಹಿ ಹಾಕಿದ್ದರು.

ಕೊಳವೆಯ ಉದ್ದಕ್ಕೂ, ಮೂರು ಮೀಟರಿಗೆ ಒಬ್ಬರಂತೆ, ಎದೆಗೆ ನಂಬರು ಚುಚ್ಚಿಕೊಂಡು, ಕೈ ಕಟ್ಟಿಕೊಂಡು, ಮೇಲೆ ನೋಡುತ್ತ ಎಲ್ಲರೂ ನಿಂತರು. ನೋಡಲು ಶಿಸ್ತಾಗಿತ್ತು. ಮೊದಲ ತುದಿಯಲ್ಲೂ ಒಬ್ಬರು ಬೇಕಲ್ಲವೇ, ಹಾಗಾದರೆ ಮೂವತ್ತಮೂರು ಆಗಬೇಕಲ್ಲವೇ ಎಂದು ಯಾರೋ ಕೇಳಿದರು. ಅದನ್ನು ಪರಿಶೀಲಿಸಲು ಉಪಸಮಿತಿ ರಚನೆಯಾಗಿದೆ. ಉಪಸಮಿತಿಯ ಸದಸ್ಯರು ಮೂವರೋ ನಾಲ್ವರೋ ಎಂಬುದು ಇತ್ಯರ್ಥವಾದ ಮೇಲೆ ಸಭೆ ಸೇರುತ್ತದೆ.

ಆವಿ ಬಿಡುವ ಮೊದಲು ಒತ್ತಡ ಪರೀಕ್ಷೆ ಮಾಡಬೇಕು. ಕೊಳವೆಗೆ ನೀರು ತುಂಬಿ, ಮಾಮೂಲಿಗಿಂತ ಒಂದೂವರೆ ಪಟ್ಟು ಒತ್ತಡ ಹಾಕಿ ನೋಡುವುದು ಅದರ ಕ್ರಮ. ಮೇಲಿನಿಂದ ಎಷ್ಟು ಒತ್ತಡ ಬಂದರೂ ಕಾರ್ಖಾನೆ ತಡೆದುಕೊಳ್ಳುತ್ತದೆ ಎಂದು ಸಂಹಿತಾಧಿಕಾರಿ ಭಾಷಣ ಮಾಡಿದರು. ನೀರು ತುಂಬಿತು. ನೀರಿಗೆ ಭಾರವಿದೆ ಎಂಬುದು ಸಂಹಿತೆಯ ಬೇರೆ ಅಧ್ಯಾಯದಲ್ಲಿದ್ದುದರಿಂದ ಆ ದಿನ ಯಾರ ಗಮನಕ್ಕೂ ಬಂದಿರಲಿಲ್ಲ. ಕೊಳವೆ ನಡುವಿನಲ್ಲಿ ನಾಲ್ಕು ಬೆರಳು ಬಾಗಿತು.

"ಬೆಂಬಲ ಹೆಚ್ಚಿಸಿ!" ಎಂದು ಸಂಹಿತಾಧಿಕಾರಿ ಕೂಗಿದರು.

ಹಾಜರಿ ಗುಮಾಸ್ತರು ಮುಷ್ಟಿ ಎತ್ತಿ, "ಆವಿ ಕೊಳವೆಗೆ ಜಯವಾಗಲಿ!" ಎಂದರು. ಉಳಿದ ಮೂವತ್ತು ಜನ ಜಯವಾಗಲಿ ಎಂದರು. ಬಾಹ್ಯ ಬೆಂಬಲ ಮನೆಯಿಂದ ಫೋನು ಮಾಡಿ ಜಯವಾಗಲಿ ಎಂದಿತು. ಕೊಳವೆ ಇನ್ನೊಂದು ಬೆರಳು ಬಾಗಿತು. ನಡುವಿನ ಮೂರು ಹಗ್ಗಗಳಲ್ಲಿ ಒಂದು ಫಟ್ಟೆಂದು ಕಿತ್ತು, ಸ್ಟೂಲಿನ ಮೇಲಿದ್ದ ಅಪ್ಪನ ತೊಡೆಯ ಮೇಲೆ ಬಿತ್ತು. ಅಪ್ಪ ಗಡಿಯಾರ ನೋಡಿ ಪುಸ್ತಕದಲ್ಲಿ ಬರೆದರು: "ಹತ್ತೂ ಕಾಲು. ಒತ್ತಡ ಸರಿ ಇದೆ. ಹಗ್ಗ ಬಂತು."

ಬಾಗು ದೋಷವೇ ಎಂದು ಪಂಡಿತರನ್ನು ಕೇಳಲಾಯಿತು. ಬಾಗುವುದು ವಿನಯದ ಲಕ್ಷಣ ಎಂದು ಪಂಡಿತರು ಬರೆದುಕೊಟ್ಟರು. ಪರೀಕ್ಷೆ ಯಶಸ್ವಿಯಾಯಿತು.

ನೀರು ಇಳಿಸಿದ ಮೇಲೆ ಎಂಜಿನಿಯರಮ್ಮ ಓಡಿ ಬಂದಳು.

"ಅಪ್ಪಾ, ಸ್ಟೂಲು ಆಚೆ ಹಾಕ್ಕೋ."

"ಆಗಲ್ಲ ಕಣಮ್ಮ. ಸ್ಟೂಲಿಗೆ ಕಲಂ ಇದೆ. ಗೇಜಿಗೂ ಸ್ಟೂಲಿಗೂ ಒಂದು ತೋಳು ದೂರ, ಜಾಸ್ತಿ ಇರಬಾರದು."

"ಯಾರ ತೋಳು?"

"ಅದನ್ನ ಬರೆದಿಲ್ಲ. ನಂದೇ ಅಂದ್ಕೊಂಡಿದೀನಿ."

"ಒಂದನೇ ತಾರೀಖು ಇದು ನಿನ್ನ ತಲೆ ಮೇಲೆ ಬೀಳುತ್ತೆ ಅಪ್ಪ."

"ಬೆಳಿಗ್ಗೇನಾ, ಮಧ್ಯಾಹ್ನಾನಾ?"

"ಯಾಕೆ?"

"ಮಧ್ಯಾಹ್ನ ಆದ್ರೆ ಆ ಹೊತ್ತಿಗೆ ಊಟ ಆಗಿರುತ್ತೆ, ಅದಕ್ಕೆ," ಎಂದರು ಅಪ್ಪ. ಅವರು ಇಡೀ ಆಯುಷ್ಯದಲ್ಲಿ ಒಂದು ದಿನವೂ ಗೇಜು ಬಿಟ್ಟು ಊಟಕ್ಕೆ ಎದ್ದವರಲ್ಲ. ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ತಿನ್ನುತ್ತಿದ್ದರು. ಮಗಳಿಗೆ ನಗು ಬರಲಿಲ್ಲ.

ಅವಳು ಕಲಂ ೪.೭ಕ್ಕೆ ತಿದ್ದುಪಡಿ ಕೋರಿ ಅರ್ಜಿ ಹಾಕಿದಳು. ಸಂಹಿತಾಧಿಕಾರಿ ಸೌಜನ್ಯದಿಂದಲೇ ಮಾತನಾಡಿದರು.

"ತಿದ್ದುಪಡಿ ಖಂಡಿತಾ ಮಾಡಬಹುದು ಮೇಡಂ. ನಾವೇನು ಕಲ್ಲುಬಂಡೆಗಳಲ್ಲ. ಒಂದು ಕಲಂ ತಪ್ಪು ಅಂತ ತೋರಿಸೋಕೆ, ಅದರಿಂದ ಅಪಘಾತ ಆಗಿದೆ ಅನ್ನೋ ಪ್ರಮಾಣಪತ್ರ ಲಗತ್ತಿಸಿದ್ರೆ ಸಾಕು."

"ಅಪಘಾತ ಆಗಬಾರದು ಅಂತಾನೇ ತಿದ್ದುಪಡಿ ಕೇಳ್ತಿರೋದು ಸಾರ್."

"ಅಂದ್ರೆ ಇನ್ನೂ ಆಗಿಲ್ಲ. ಅಂದ್ರೆ ಕಲಂ ಸರಿ ಇದೆ."

"ಆಗಿದ್ ಮೇಲೆ?"

"ಏಳು ದಿನದೊಳಗೆ, ಬಾಧಿತರ ಸಹಿ ಹಾಕಿಸಿ ತನ್ನಿ."

"ಬಾಧಿತರು ಸಹಿ ಹಾಕೋ ಸ್ಥಿತೀಲಿ ಇಲ್ಲದಿದ್ರೆ?"

"ಹೆಬ್ಬೆಟ್ಟಾದ್ರೂ ಆಗುತ್ತೆ," ಎಂದರು ಅಧಿಕಾರಿ. "ಅಷ್ಟೆಲ್ಲ ಕಟ್ಟುನಿಟ್ಟು ಮಾಡಲ್ಲ ನಾವು. ನಿಮ್ಮ ತಂದೆಯವರನ್ನ ಒಂದು ಮಾತು ಕೇಳಿ ನೋಡಿ. ಹಳೇ ನೌಕರರು, ಸಹಕಾರ ಮನೋಭಾವ ಇರುತ್ತೆ."

ಅವಳು ಕೇಳಲಿಲ್ಲ. ಆದರೆ ಕಾರ್ಖಾನೆಯಲ್ಲಿ ಮಾತು ಆವಿಗಿಂತ ಬೇಗ ಹರಿಯುತ್ತದೆ. ಸಂಜೆ ಅಪ್ಪನೇ ಮಾತು ತೆಗೆದರು.

"ಹೆಬ್ಬೆಟ್ಟಂತೆ! ಮೂವತ್ತು ವರ್ಷ ಕಾಲು ಗಂಟೆಗೊಂದು ಸಹಿ ಹಾಕಿದೀನಿ. ಈಗ ಹೆಬ್ಬೆಟ್ಟು ಒತ್ತು ಅಂದ್ರೆ ನಾನು ಒಪ್ಪೋನಲ್ಲ. ಬೀಳೋದು ಬೇಕಾದ್ರೆ ಬೀಳಲಿ."

ಒಂದನೇ ತಾರೀಖಿಗೆ ಒಂಬತ್ತು ದಿನವಿತ್ತು. ಎಂಜಿನಿಯರಮ್ಮ ಊಟದ ಮೇಜಿನ ಮೇಲೆ ಸಂಹಿತೆ ಇಟ್ಟುಕೊಂಡು ಆರುನೂರು ಪುಟವನ್ನೂ ಮೊದಲಿನಿಂದ ಓದಿದಳು. ಹೀಗೆ ಪೂರ್ತಿ ಓದಿದವರು ಅದುವರೆಗೆ ಯಾರೂ ಇರಲಿಲ್ಲ, ಅದನ್ನು ಬರೆದ ಪಂಡಿತರೂ ಸೇರಿದಂತೆ. ಮೂರನೇ ದಿನ ಕಲಂ ೧೧.೩ ಸಿಕ್ಕಿತು: "ಬೆಂಬಲವು ಅನಿವಾರ್ಯ ಕಾರಣಗಳಿಂದ ಸ್ಥಾನ ಬಿಟ್ಟು ತೆರಳಬೇಕಾದಲ್ಲಿ, ತನ್ನಷ್ಟೇ ಅಥವಾ ತನಗಿಂತ ಹೆಚ್ಚು ಸಾಮರ್ಥ್ಯವುಳ್ಳದ್ದನ್ನು ಬದಲಿಯಾಗಿ ನಿಲ್ಲಿಸತಕ್ಕದ್ದು."

ಉಳ್ಳದ್ದನ್ನು. ಉಳ್ಳವರನ್ನು ಅಲ್ಲ. ಪಂಡಿತರು ಆ ಸಾಲಿನಲ್ಲಿ, ಬಹುಶಃ ನಿದ್ದೆಗಣ್ಣಿನಲ್ಲಿ, ನಪುಂಸಕ ಲಿಂಗ ಬಳಸಿಬಿಟ್ಟಿದ್ದರು.

ಮಾರನೆಯ ಬೆಳಿಗ್ಗೆ ಅವಳು ಮೂವತ್ತೆರಡು ನಮೂನೆ ಹಿಡಿದುಕೊಂಡು ಕೊಳವೆಯ ಉದ್ದಕ್ಕೂ ನಡೆದಳು.

"ನಿಂತು ನಿಂತು ಕಾಲು ನೋಯಲ್ವಾ ಅಣ್ಣಾ?" ಎಂದು ಹಾಜರಿ ಗುಮಾಸ್ತರನ್ನು ಕೇಳಿದಳು.

"ಕಾಲು ಇದೆ ಅನ್ನೋದೇ ಮರೆತೋಗಿದೆ ತಾಯಿ. ಭತ್ಯೆ ನೆನಸ್ಕೊಂಡು ನಿಂತಿದೀನಿ."

"ಭತ್ಯೆ ನಿಮಗೇ ಇರುತ್ತೆ. ನೀವು ಹೋಗಿ ಟೀ ಕುಡೀರಿ. ನಿಮ್ಮ ಬದಲಿಗೆ ಒಂದು ಸ್ಟ್ಯಾಂಡು ನಿಲ್ಲುತ್ತೆ."

"ಎಷ್ಟು ಹೊತ್ತು ಕುಡೀಬಹುದು?"

"ನಿವೃತ್ತಿ ಆಗೋವರೆಗೂ."

ನಲವತ್ತು ನಿಮಿಷದಲ್ಲಿ ಮೂವತ್ತೊಂದು ಸಹಿಗಳು ಬಿದ್ದವು. ಬಾಹ್ಯ ಬೆಂಬಲ ಮಾತ್ರ, ಮನೆಯಲ್ಲಿರುವವನು ಇನ್ನೆಲ್ಲಿಗೆ ಹೋಗಲಿ ಎಂದು ಸ್ವಲ್ಪ ಬಿಗುಮಾನ ಮಾಡಿ, ಕೊನೆಗೆ ಮಧ್ಯಾಹ್ನ ಮಲಗಲು ಅನುಮತಿ ಪಡೆದು ಸಹಿ ಹಾಕಿದರು.

ಸಾಮರ್ಥ್ಯ ಪರೀಕ್ಷೆ ಕಾನೂನುಬದ್ಧವಾಗಿಯೇ ಆಯಿತು. ಪ್ರತಿ ಸ್ಟ್ಯಾಂಡೂ ಅರ್ಧ ಟನ್ ಹೊತ್ತಿತು. ಹಾಜರಿ ಗುಮಾಸ್ತರು ಒಂದು ಹಾಜರಿ ಪುಸ್ತಕ ಹೊತ್ತರು, ಅದನ್ನೂ ಎರಡು ಕೈಯಲ್ಲಿ. 'ತನಗಿಂತ ಹೆಚ್ಚು' ಎಂದು ದಾಖಲಾಯಿತು. ವೆಲ್ಡರು ಹಗಲು ರಾತ್ರಿ ಕೂತು ಸ್ಟ್ಯಾಂಡುಗಳನ್ನು ಮಾಡಿ ನಿಲ್ಲಿಸಿದ. ಒಂದೊಂದಕ್ಕೂ ನೇಮಕಾತಿ ಪತ್ರ ಅಂಟಿಸಲಾಯಿತು, ಕೊರಳಿಗೆ ಭಾವಚಿತ್ರವಿರುವ ಗುರುತಿನ ಚೀಟಿ ನೇತುಹಾಕಲಾಯಿತು. ಮೂವತ್ತೆರಡು ಭಾವಚಿತ್ರಗಳೂ ಒಂದೇ ರೀತಿ ಇವೆಯೆಂದು ಸಿಬ್ಬಂದಿ ಶಾಖೆ ಆಕ್ಷೇಪಿಸಿತು. ಒಂದೇ ಮನೆತನದವು ಎಂದು ಎಂಜಿನಿಯರಮ್ಮ ಉತ್ತರ ಬರೆದಳು. ಆಕ್ಷೇಪ ಕೈಬಿಡಲಾಯಿತು.

"ಇದನ್ನ ಮೊದಲೇ ಹೇಳಬಾರದಿತ್ತಾ ಮೇಡಂ?" ಎಂದರು ಸಂಹಿತಾಧಿಕಾರಿ. "ಸುಮ್ನೆ ಸ್ಟ್ಯಾಂಡು ಸ್ಟ್ಯಾಂಡು ಅಂತಿದ್ರಿ."

ಹಗ್ಗ ಬಿಚ್ಚಲು ಯಾರ ಅನುಮತಿಯೂ ಬೇಕಾಗಲಿಲ್ಲ. ಅದು ಇರಲೇ ಇಲ್ಲವಲ್ಲ. ಒಂದನೇ ತಾರೀಖು ಆವಿ ಬಂತು. ಕೊಳವೆ ಗಡಗಡ ನಡುಗಿ, ನೆಟ್ಟಗಾಗಿ, ಸುಮ್ಮನಾಯಿತು. ಅಪ್ಪ ಬರೆದರು: "ಹತ್ತೂವರೆ. ಒತ್ತಡ ಸರಿ ಇದೆ. ಬೇರೆ ಏನೂ ಬರಲಿಲ್ಲ." ಮಗಳು ಸ್ಟ್ಯಾಂಡಿನ ಮರೆಗೆ ಹೋಗಿ ಸ್ವಲ್ಪ ಅತ್ತು ಬಂದಳು.

ವರ್ಷದ ಕೊನೆಗೆ ಎಲ್ಲ ನೌಕರರ ಕಾರ್ಯ ಮೌಲ್ಯಮಾಪನ ನಡೆಯುತ್ತದೆ. ನೇಮಕಾತಿ ಪತ್ರವಿದ್ದುದರಿಂದ ಸ್ಟ್ಯಾಂಡುಗಳದೂ ನಡೆಯಿತು. ಮೂವತ್ತೆರಡೂ ಗೈರುಹಾಜರಾಗಿರಲಿಲ್ಲ, ತಡವಾಗಿ ಬಂದಿರಲಿಲ್ಲ, ಎದುರು ಮಾತನಾಡಿರಲಿಲ್ಲ. ಆದರೆ ಇದಕ್ಕೆಲ್ಲ ಕಣ್ಣಾರೆ ಕಂಡ ಸಾಕ್ಷಿ ಬೇಕು. ಸಾಕ್ಷಿ ಇದ್ದದ್ದು ಹದಿನೇಳಕ್ಕೆ ಮಾತ್ರ. ಅದರ ಪಕ್ಕದಲ್ಲೇ ವರ್ಷವಿಡೀ ಕೂತಿದ್ದ ಅಪ್ಪ, ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ಅಂಥ ಕೆಲಸಗಾರನ್ನ ನಾನು ನೋಡೇ ಇಲ್ಲ ಸ್ವಾಮಿ. ನಿಂತ ಜಾಗ ಬಿಟ್ಟು ಕದಲಲ್ಲ."

ಹದಿನೇಳಕ್ಕೆ ಪದೋನ್ನತಿಯಾಯಿತು. ಮುಖ್ಯ ಕಚೇರಿಯಲ್ಲಿ ಹಿರಿಯ ಬೆಂಬಲದ ಹುದ್ದೆ, ಏಳು ದಿನದೊಳಗೆ ಹಾಜರಾಗತಕ್ಕದ್ದು. ಅಲ್ಲಿ ಕೊಳವೆ ಇಲ್ಲ, ಆದರೆ ನಿರ್ದೇಶಕರಿಗೆ ಮಂಡಳಿಯಲ್ಲಿ ಇತ್ತೀಚೆಗೆ ಬೆಂಬಲ ಕಡಿಮೆಯಾಗಿತ್ತು. ಖಾಲಿಯಾಗುವ ಜಾಗದ ಬಗ್ಗೆ ಆತಂಕ ಬೇಡ ಎಂದು ಆದೇಶದಲ್ಲೇ ಹೇಳಿತ್ತು: ಹದಿನಾರನೇ ಸ್ಟ್ಯಾಂಡು ತನ್ನ ಕೆಲಸದ ಜೊತೆಗೆ ಹದಿನೇಳರ ಹೆಚ್ಚುವರಿ ಪ್ರಭಾರವನ್ನೂ ವಹಿಸಿಕೊಳ್ಳತಕ್ಕದ್ದು.

ವೆಲ್ಡರು ಗ್ಯಾಸ್ ಕಟ್ಟರ್ ತಂದು ಹದಿನೇಳರ ಬುಡದಲ್ಲಿ ಕೂತ. ಕೊಳವೆಯಲ್ಲಿ ಆವಿ ಹರಿಯುತ್ತಿತ್ತು. ಅಪ್ಪ ಕಾಲು ಸ್ವಲ್ಪ ಎತ್ತಿ ಅವನಿಗೆ ಜಾಗ ಮಾಡಿಕೊಟ್ಟರು.

"ನಿಲ್ಲಿಸಣ್ಣಾ!" ಎಂಜಿನಿಯರಮ್ಮ ಏದುಸಿರು ಬಿಡುತ್ತ ಬಂದು ಸ್ಟ್ಯಾಂಡನ್ನು ತಬ್ಬಿಕೊಂಡಳು. "ಇದು ಪದೋನ್ನತಿ ಒಪ್ಪಿಲ್ಲ!"

ಹಿಂದೆಯೇ ಬಂದಿದ್ದ ಸಂಹಿತಾಧಿಕಾರಿ ಕೈಗಡಿಯಾರ ನೋಡಿಕೊಂಡರು. "ಬೇಡ ಅಂತಾನೂ ಹೇಳಿಲ್ಲವಲ್ಲ ಮೇಡಂ. ಬೇಡ ಅನ್ನಬೇಕಾದ್ರೆ ಸಕಾರಣ ಇರಬೇಕು. ಆರೋಗ್ಯ ಸರಿಯಿಲ್ಲ, ಮನೇಲಿ ವಯಸ್ಸಾದ ಅವಲಂಬಿತರಿದ್ದಾರೆ, ಇಂಥದ್ದೇನಾದ್ರೂ. ಇದಕ್ಕೆ ಏನಿದೆ?"

ಎಂಜಿನಿಯರಮ್ಮ ಸ್ಟ್ಯಾಂಡು ನೋಡಿದಳು. ಸ್ಟ್ಯಾಂಡಿನ ಮೇಲಿದ್ದ ಕೊಳವೆ ನೋಡಿದಳು. ಕೊಳವೆಯ ಕೆಳಗಿದ್ದ ಅಪ್ಪನನ್ನು ನೋಡಿದಳು.

"ಅವಲಂಬಿತರಿದ್ದಾರೆ ಸಾರ್."

"ಯಾರು?"

"ಇಗೋ, ಇವರೇ. ಪೂರ್ತಿ ಇದರ ಮೇಲೇ ಅವಲಂಬಿಸಿದ್ದಾರೆ. ಇದು ಹೋದ ದಿನ ಇವರಿಲ್ಲ."

ಸಂಹಿತಾಧಿಕಾರಿ ತಲೆ ಎತ್ತಿ ಕೊಳವೆ ನೋಡಿದರು, ತಲೆ ತಗ್ಗಿಸಿ ಅಪ್ಪನನ್ನು ನೋಡಿದರು, ಒಂದು ಹೆಜ್ಜೆ ಹಿಂದೆ ಸರಿದರು. ಮೊದಲ ಬಾರಿಗೆ ಅವರಿಗೆ ಎಲ್ಲವೂ ಸ್ಪಷ್ಟವಾಗಿ ಅರ್ಥವಾಯಿತು. ಜೇಬಿನಿಂದ ನಮೂನೆ ತೆಗೆದರು.

"ಇದನ್ನ ಮೊದಲೇ ಹೇಳಬಾರದಿತ್ತಾ? ಅವಲಂಬಿತರ ಹೆಸರು, ವಯಸ್ಸು ಸರಿ. ನೌಕರನಿಗೂ ಇವರಿಗೂ ಸಂಬಂಧ ಏನಂತ ಬರೆಯೋದು?"

ವೆಲ್ಡರು ಉರಿಯುತ್ತಿದ್ದ ಕಟ್ಟರನ್ನು ಆರಿಸದೆ ಕಾಯುತ್ತಿದ್ದ.

"ಮಗ ಅಂತ ಬರೀರಿ," ಎಂದರು ಅಪ್ಪ, ಗೇಜಿನಿಂದ ಕಣ್ಣು ತೆಗೆಯದೆ.

"ಅಪ್ಪಾ!"

"ಮತ್ತೇನಮ್ಮ? ಬೆಳಿಗ್ಗೆಯಿಂದ ಸಂಜೆವರೆಗೂ ಪಕ್ಕದಲ್ಲೇ ಇರ್ತಾನೆ. ನನ್ನ ತಲೆ ಕಾಯ್ತಾನೆ. ಒಂದು ದಿನ ಎದುರಾಡಿದ್ದಿಲ್ಲ. ನೀನೂ ಇದೀಯ, ಬಂದಾಗೆಲ್ಲ ಸ್ಟೂಲು ಎತ್ತು ಅಂತೀಯ."

ಮಗ ಎಂದು ದಾಖಲಾಯಿತು. ಕಟ್ಟರು ಆರಿತು. ಪದೋನ್ನತಿ ಹದಿನೆಂಟನೇ ಸ್ಟ್ಯಾಂಡಿಗೆ ಹೋಗುವುದರಲ್ಲಿತ್ತು. ಅಪ್ಪ ಪುಸ್ತಕ ತಿರುಗಿಸುತ್ತ, ಅದು ಇವನ ತಮ್ಮ, ಅದರ ಆಚೆಯದು ಅದರ ತಮ್ಮ, ಒಂದೇ ಮನೆತನ ಅಂತ ಆಗಲೇ ಕಡತದಲ್ಲಿದೆಯಲ್ಲ ಎಂದು ನೆನಪಿಸಿದರು. ಸಂಹಿತಾಧಿಕಾರಿಗಳು ಕೂಡು ಕುಟುಂಬವನ್ನು ಒಡೆಯುವಂತಿಲ್ಲ ಎಂದು ಷರಾ ಬರೆದು ಕಡತ ಮುಚ್ಚಿದರು. ನಿರ್ದೇಶಕರಿಗೆ ಬಾಹ್ಯ ಬೆಂಬಲವನ್ನು ಕಳಿಸಲಾಯಿತು. ಅವರು ಈಗ ಅಲ್ಲಿ ಮಲಗುತ್ತಾರೆ.

ಸಿಬ್ಬಂದಿ ಶಾಖೆಯಿಂದ ತಿದ್ದಿದ ಕುಟುಂಬ ವಿವರ ಮನೆಗೆ ಅಂಚೆಯಲ್ಲಿ ಬಂತು: ಪತ್ನಿ ಒಬ್ಬರು, ಮಗಳು ಒಬ್ಬಳು, ಗಂಡುಮಕ್ಕಳು ಮೂವತ್ತೆರಡು, ಎಲ್ಲರೂ ಉದ್ಯೋಗದಲ್ಲಿದ್ದಾರೆ. ಅಮ್ಮ ಅದನ್ನು ಎರಡು ಸಲ ಓದಿದರು. ಎಲ್ಲರೂ ಉದ್ಯೋಗದಲ್ಲಿದ್ದಾರೆ ಎಂಬ ಸಾಲನ್ನು ಮೂರನೇ ಸಲ ಜೋರಾಗಿ ಓದಿದರು.

"ಹದಿನೇಳನೆಯವನು ಹೇಗಿದಾನೆ ನೋಡೋಕೆ?" ಎಂದು ಮಗಳನ್ನು ಕೇಳಿದರು.

"ಕಬ್ಬಿಣ ಅಮ್ಮ. ಮುಂದಿನ ವಾರ ಬಣ್ಣ ಹೊಡೆಸ್ತೀನಿ. ತುಕ್ಕು ಹಿಡಿಯದ ಹಾಗೆ ಕೆಂಪು ಬಣ್ಣ."

ಅಮ್ಮ ಕಾಗದ ಮಡಚಿಟ್ಟರು.

"ಕೆಂಪು ಬೇಡ ಕಣೇ," ಎಂದರು. "ಬಿಸಿ ಹತ್ರ ಕೆಲಸ ಮಾಡೋ ಮಕ್ಕಳು. ಏನಾದ್ರೂ ತಿಳಿಬಣ್ಣ ಹಾಕಿಸು."